ಟೈಲರ್ ಕಾಕ ಇಡಿಯಾಗಿ ಬಂದ ಫೋಟೋ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿರುವ ಒಂದೊಂದು ಅಕ್ಷರವೂ ಸತ್ಯ. ಬೇಕಾದರೆ ನನ್ನ ಕತಾರ್ ಐಡಿ ಮುಟ್ಟಿ ಆಣೆ ಮಾಡುತ್ತೇನೆ. ನಮ್ಮಂಥವರ ಜೇಬಿನಲ್ಲಿ ಅದಕ್ಕಿಂತ ದೊಡ್ಡ ವಸ್ತು ಇನ್ನೊಂದಿಲ್ಲ. ದೋಹಾದಲ್ಲಿ ಇಪ್ಪತ್ತಮೂರು ವರ್ಷ ಕಳೆದವನಿಗೆ, ಅದರಲ್ಲೂ ಕೊರಳಲ್ಲೊಂದು ಕ್ಯಾಮೆರಾ ತೂಗಿಸಿಕೊಂಡವನಿಗೆ, ಇಂಥವು ಆಗುತ್ತಲೇ ಇರುತ್ತವೆ. ನಗಬೇಕೋ ಅಳಬೇಕೋ ಎಂದು ತೀರ್ಮಾನ ಮಾಡುವಷ್ಟರಲ್ಲಿ ಮುಂದಿನದು ಆಗಿರುತ್ತದೆ.

ನನ್ನನ್ನು ಇಲ್ಲಿ ಎಲ್ಲರೂ ಮಾಮ ಎನ್ನುತ್ತಾರೆ. ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಕೆಲಸ. ಅಂದರೆ ನಕ್ಷೆಗಳಿಗೆ ಸೀಲು ಹೊಡೆದು ಕಪಾಟಿನಲ್ಲಿ ಇಡುವವನು. ಸಮುದ್ರದ ಬದಿಯ ಗೋಪುರಗಳು ನೆಟ್ಟಗೆ ನಿಂತಿರುವುದು ನನ್ನ ಸೀಲಿನಿಂದ ಎಂದು ನಾನಾಗಿ ಹೇಳಿಕೊಳ್ಳುವುದಿಲ್ಲ. ಬೇರೆಯವರೂ ಹೇಳುವುದಿಲ್ಲ, ಅದೊಂದೇ ಬೇಸರ.

ಮೊಣಕೈ

ನಾವಿರುವುದು ದೋಹಾ ಅಲ್ ಜದೀದಾದ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ. ಹತ್ತಡಿಗೆ ಹನ್ನೆರಡಡಿ ಕೋಣೆ, ಮೂರು ಡಬಲ್ ಮಂಚ, ಆರು ಜನ ಬ್ಯಾಚುಲರ್‌ಗಳು. ಬ್ಯಾಚುಲರ್ ಎಂದರೆ ಮದುವೆಯಾಗದವರು ಎಂದುಕೊಳ್ಳಬೇಡಿ. ಹೆಂಡತಿ ಊರಲ್ಲಿದ್ದರೆ ಗಂಡ ಗಲ್ಫಿನಲ್ಲಿ ಬ್ಯಾಚುಲರ್. ನಾನು ಇಬ್ಬರು ಮೊಮ್ಮಕ್ಕಳಿರುವ ಬ್ಯಾಚುಲರ್.

ನಮ್ಮ ಕೋಣೆಗೊಂದು ಪದ್ಧತಿ ಉಂಟು. ಯಾರಾದರೂ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಪೂರ್ತಿ ಹೊರಟರೆ, ಕೊನೆಯ ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಬಿರಿಯಾನಿ, ಬಿರಿಯಾನಿಗೆ ಮೊದಲು ಗ್ರೂಪ್ ಫೋಟೋ. ಹೊರಟವನಿಗೆ ನಡುವೆ ಪ್ಲಾಸ್ಟಿಕ್ ಕುರ್ಚಿ, ಉಳಿದವರು ಎರಡು ಬದಿಗೆ. ಫೋಟೋ ತೆಗೆಯುವ ಹಕ್ಕು ಈ ಮಾಮನದು. ಯಾಕೆಂದರೆ ನನ್ನ ಬಳಿ ಇರುವುದು ಅಸಲಿ ರೇಂಜ್‌ಫೈಂಡರ್ ಕ್ಯಾಮೆರಾ, ರೀಲು ಹಾಕುವಂಥದ್ದು. ಕಂಪನಿಯಲ್ಲಿದ್ದ ಒಬ್ಬ ಜಪಾನಿ ಸರ್ವೇಯರ್ ಊರಿಗೆ ಹೋಗುವಾಗ ನನ್ನ ಪ್ರತಿಭೆಗೆ ಸೋತು ಎರಡು ಲೆನ್ಸಿನ ಸಮೇತ ಕೊಟ್ಟುಹೋದದ್ದು. ಅವನ ಲಗೇಜು ಜಾಸ್ತಿಯಾಗಿತ್ತು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ.

ಎರಡು ಲೆನ್ಸಿನಲ್ಲಿ ತೊಂಬತ್ತು ನಂಬರಿನದು ದೂರದ್ದನ್ನು ಹತ್ತಿರ ತರುತ್ತದೆ. ನಮ್ಮ ಕೋಣೆಯಲ್ಲಿ ಅದರಿಂದ ಒಬ್ಬನ ಮೂಗಿನ ಫೋಟೋ ಬಹಳ ಚೆನ್ನಾಗಿ ಬರುತ್ತದೆ. ಐವತ್ತರದ್ದು ಸಾಧಾರಣದ್ದು. ಆದರೆ ಬೆನ್ನು ಫ್ರಿಜ್ಜಿಗೆ ಒತ್ತುವವರೆಗೆ ಹಿಂದೆ ಸರಿದರೂ ಅದರಲ್ಲಿ ಹಿಡಿಸುವುದು ನಾಲ್ಕೇ ಜನ. ಎದುರಿಗೆ ನಿಲ್ಲುವವರು ಐವರು.

ಆ ಐದನೆಯವರೇ ಟೈಲರ್ ಕಾಕ. ಬಂಟ್ವಾಳದ ಕಡೆಯವರು, ನನಗಿಂತ ಎಂಟು ವರ್ಷ ದೊಡ್ಡವರು. ಎರಡು ಬೀದಿ ಆಚೆಯ ಅಂಗಡಿಯಲ್ಲಿ ಇಪ್ಪತ್ತಾರು ವರ್ಷ ಕೂತು, ಇಲ್ಲಿಯವರು ಹಾಕುವ ಬಿಳಿ ನಿಲುವಂಗಿ, ಅದೇ ತೋಬು, ಹೊಲಿದವರು. ಫೋಟೋದ ದಿನ ಎಲ್ಲರ ಅಂಗಿಗೂ ಇಸ್ತ್ರಿ ಹಾಕುವುದು ಅವರೇ. ಕೊನೆಯ ಅಂಗಿ ಮುಗಿಸಿ ಓಡಿ ಬರುವಷ್ಟರಲ್ಲಿ ಜಾಗ ಉಳಿದಿರುತ್ತಿದ್ದುದು ಬಾಗಿಲ ಬದಿಯ ಮೂಲೆ. ಹೀಗೆ ಹದಿನಾಲ್ಕು ಗ್ರೂಪ್ ಫೋಟೋಗಳಲ್ಲಿ ಕಾಕನ ಒಂದು ಮೊಣಕೈ, ಹೆಚ್ಚೆಂದರೆ ಅರ್ಧ ಕಿವಿ.

ಪ್ರಿಂಟುಗಳನ್ನು ಅವರು ತಪ್ಪದೆ ಮನೆಗೆ ಕಳಿಸುತ್ತಿದ್ದರು. ಹದಿನಾಲ್ಕನೆಯ ಫೋಟೋ ತಲುಪಿದ ದಿನ ಅವರ ಹೆಂಡತಿಯ ಫೋನು ಬಂತು. ಕಾಕ ಸ್ಪೀಕರ್ ಹಾಕಿದರು.

"ಈ ಸಲದ ಮೊಣಕೈ ಸಣ್ಣ ಆಗಿದೆಯಲ್ಲ, ಸರಿ ಊಟ ಮಾಡುವುದಿಲ್ವಾ?"

ಕೋಣೆಯಿಡೀ ಬಿದ್ದು ಬಿದ್ದು ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕ. ಅವರು ನಕ್ಕರೆ ಕಬ್ಬಿಣದ ಮಂಚ ಕಿರುಗುಟ್ಟುತ್ತಿತ್ತು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

ಕಾಲರ್

ಗಂಟಲಲ್ಲಿ ಗಡ್ಡೆ. ಯಾವ ಗಡ್ಡೆ ಎಂದು ಡಾಕ್ಟರ್ ಹೇಳಿದ್ದನ್ನು ಕಾಕ ಕೋಣೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ, ನಾವು ಕೇಳಲಿಲ್ಲ. ಊರಲ್ಲೇ ಆಪರೇಷನ್ ಮಾಡಿಸುವುದೆಂದು ತೀರ್ಮಾನವಾಯಿತು. ವೀಸಾ ಕ್ಯಾನ್ಸಲ್. ಟಿಕೆಟಿಗೆ ಮೂರು ವಾರ.

"ಇಷ್ಟು ವರ್ಷ ಊರವರ ಕಾಲರ್ ಹೊಲಿದೆ. ಈಗ ಡಾಕ್ಟರ್ ನನ್ನ ಕಾಲರ್ ಕತ್ತರಿಸ್ತಾರಂತೆ" ಎಂದರು ಕಾಕ, ಈರುಳ್ಳಿ ಹೆಚ್ಚುತ್ತ. "ಸ್ವರ ಹೋಗ್ತದಂತೆ ಮಾರಾಯ. ಗಂಟಲಲ್ಲಿ ಅಂಗಿಯ ಕಾಜದ ಥರ ಒಂದು ತೂತು ಇರ್ತದಂತೆ. ಬಟನ್ ಹಾಕುವ ಹಾಗೆ ಇಲ್ಲ."

ಯಾರೂ ನಗಲಿಲ್ಲ. ಅವರಿಗೆ ಅದು ಇಷ್ಟವಾಗಲಿಲ್ಲ. ಈರುಳ್ಳಿ ಬದಿಗಿಟ್ಟು ನನ್ನ ಕಡೆ ತಿರುಗಿದರು.

"ನೀನು ದೊಡ್ಡ ಫೋಟೋಗ್ರಾಫರ್ ಅಲ್ವಾ? ಅದಕ್ಕೆ ಮೊದಲು ನನ್ನದೊಂದು ಇಡೀ ಫೋಟೋ ತೆಗೆ. ಈ ಕೋಣೆಯಲ್ಲಿ, ಎಲ್ಲರೊಟ್ಟಿಗೆ. ಇಪ್ಪತ್ತಾರು ವರ್ಷ ನಾನು ಎಲ್ಲಿದ್ದೆ ಅಂತ ಅವಳೊಮ್ಮೆ ನೋಡಬೇಕು."

ನಮ್ಮ ಕೋಣೆಯಲ್ಲೊಬ್ಬ ವೆಲ್ಡರ್ ಇದ್ದಾನೆ, ಬಾಗಲಕೋಟೆ ಕಡೆಯವನು. ಅವನಿಗಾಗಿಯೇ ನಾವೆಲ್ಲ ತುಳು, ಬ್ಯಾರಿ ಬಿಟ್ಟು ಕನ್ನಡ ಮಾತಾಡುವುದು. ಅವನು ಮೇಲಿನ ಮಂಚದಿಂದ ಬಗ್ಗಿ, "ಇದಕ್ಯಾಕ್ರೀ ಮಾಮಾ ಇಷ್ಟ್ ತ್ರಾಸು? ಮೊಬೈಲ್‌ನ್ಯಾಗ ತಗೀರಿ. ಇಲ್ಲೊಂದು ಒತ್ತಿದ್ರ ಇಡೀ ರೂಮು ಬರ್ತೈತಿ" ಎಂದ.

"ಮೊಬೈಲ್ ಫೋಟೋ ಬೇಡ" ಎಂದರು ಕಾಕ. "ನನ್ನ ಹತ್ತಿರ ರಾಶಿ ಇತ್ತು. ಫೋನು ಬಾಣಲೆಗೆ ಬಿದ್ದ ದಿನ ಮಕ್ಕಳು ಮರಿ ಎಲ್ಲ ಫ್ರೈ ಆಯ್ತು. ಕೈಯಲ್ಲಿ ಹಿಡಿಯುವಂಥದ್ದು ಬೇಕು."

ಸರಿ, ನಾನು ಎದ್ದು ನಿಂತು ಘೋಷಿಸಿದೆ: ಅಗಲ ಹಿಡಿಯುವ ಲೆನ್ಸು ಹುಡುಕುತ್ತೇನೆ. ಕಾಕ ಇಡಿಯಾಗಿ ಬರುತ್ತಾರೆ. ಅವತ್ತು ಈ ಕೋಣೆಯಲ್ಲಿ ಮೊಬೈಲು ತೆಗೆದವನಿಗೆ ಬಿರಿಯಾನಿ ಇಲ್ಲ.

ಕೊನೆಯ ಮಾತು ಯಾಕೆ ಹೇಳಿದೆ ಎಂದು ಈಗ ನನ್ನನ್ನು ಕೇಳಬೇಡಿ.

ಮೂಲೆಯವರ ಲಾಭ

ಉಮ್ಮ್ ಸಲಾಲಿನಲ್ಲೊಂದು ಸ್ಟುಡಿಯೋ ಉಂಟು. ಒಬ್ಬ ಮಲಯಾಳಿ ನಡೆಸುತ್ತಾನೆ. ಎದುರುಗಡೆ ಪಾಸ್‌ಪೋರ್ಟ್ ಫೋಟೋ, ಹಿಂದಿನ ಕತ್ತಲೆ ಕೋಣೆಯಲ್ಲಿ ಈಗಲೂ ರೀಲು ತೊಳೆಯುತ್ತಾನೆ. ನನ್ನ ಕ್ಯಾಮೆರಾಕ್ಕೆ ಕೂರುವ ಮೂರು ಹಳೇ ಲೆನ್ಸು ಅವನ ಕಪಾಟಿನಲ್ಲಿದ್ದವು: ಮೂವತ್ತೈದು, ಇಪ್ಪತ್ತೆಂಟು, ಇಪ್ಪತ್ತೊಂದು. ನಂಬರು ಇಳಿದಷ್ಟೂ ಅಗಲ ಜಾಸ್ತಿ. ಶನಿವಾರ ಕಾಕನನ್ನೂ ಕರೆದುಕೊಂಡು ಹೋದೆ. ಟ್ಯಾಕ್ಸಿಯವನ ಎ.ಸಿ. ಕೆಟ್ಟಿತ್ತು. ಆ ಬಿಸಿಲಿಗೆ ನನ್ನ ಜೇಬಿನಲ್ಲಿದ್ದ ಹಸಿ ಕಡಲೆ ಹುರಿದ ಕಡಲೆಯಾಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ, ತಿಂದವನು ನಾನು.

ಮಲಯಾಳಿ ಲೆನ್ಸುಗಳನ್ನು ತನ್ನ ಡಿಜಿಟಲ್ ಕ್ಯಾಮೆರಾಕ್ಕೆ ಒಂದೊಂದಾಗಿ ಹಾಕಿ, ಕಾಕನನ್ನು ಎದುರು ನಿಲ್ಲಿಸಿ ಕಂಪ್ಯೂಟರಿನಲ್ಲಿ ತೋರಿಸಿದ. ಮೂವತ್ತೈದರಲ್ಲಿ ಎರಡು ಬದಿಯ ಗೋಡೆ ಕಾಣಿಸಿತು. ಇಪ್ಪತ್ತೆಂಟರಲ್ಲಿ ಕಪಾಟು ಬಂತು. ಇಪ್ಪತ್ತೊಂದರಲ್ಲಿ ಇಡೀ ಅಂಗಡಿ, ಅವನ ಚಹಾದ ಫ್ಲಾಸ್ಕು, ಬಾಗಿಲ ಹೊರಗೆ ಬಿಟ್ಟ ನನ್ನ ಒಂದು ಚಪ್ಪಲಿ.

ಆಗ ಕಾಕ ಕಂಪ್ಯೂಟರಿಗೆ ಮೂಗು ತಾಗಿಸಿ ನಿಂತರು. ಇಪ್ಪತ್ತೊಂದರ ಫೋಟೋದಲ್ಲಿ ಅವರು ಒಂದು ಬದಿಗಿದ್ದರು. ಇಷ್ಟು ಅಗಲದ ಲೆನ್ಸು ಅಂಚಿನಲ್ಲಿದ್ದವರನ್ನು ಅಡ್ಡಕ್ಕೆ ಎಳೆಯುತ್ತದೆ. ನಾಲ್ಕು ತಿಂಗಳಿಂದ ಒಣಗಿಹೋಗಿದ್ದ ಮನುಷ್ಯ ಅಲ್ಲಿ ಕೆನ್ನೆ ತುಂಬಿ, ಭುಜ ತುಂಬಿ, ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದ.

"ಇದೇ ಸಾಕು ಮಾರಾಯ. ಇದನ್ನೇ ತಗೋ. ಅವಳಿಗೆ ಖುಷಿ ಆಗ್ತದೆ."

"ಆದರೆ ಇಕ್ಕಾ, ಹೊರಡುವವರು ನಡುವೆ ಕೂರುವುದಲ್ವಾ?" ಎಂದ ಮಲಯಾಳಿ ಕಾಕನಿಗೆ, ಅವನ ಹಿಂದಿಯಲ್ಲಿ. "ನಡುವೆ ಕೂತವರು ಇದ್ದ ಹಾಗೇ ಬರ್ತಾರೆ. ಈ ಲಾಭ ಮೂಲೆಯವರಿಗೆ ಮಾತ್ರ."

ಕಾಕ ನನ್ನತ್ತ ತಿರುಗಿದರು. "ಹಾಗಾದ್ರೆ ನನ್ನನ್ನು ಮೂಲೆಯಲ್ಲೇ ನಿಲ್ಲಿಸು. ಅಭ್ಯಾಸ ಉಂಟು."

ಟೇಪು

ಮೂಲೆಗೆ ನಾನು ಒಪ್ಪಲಿಲ್ಲ. ಹದಿನಾಲ್ಕು ಸಲ ಮೂಲೆಯಲ್ಲಿ ನಿಂತವರನ್ನು ಹದಿನೈದನೆಯ ಸಲವೂ ಅಲ್ಲೇ ನಿಲ್ಲಿಸಲು ನಾನೇನು ಕಟುಕನೇ? ಹಾಗಾದರೆ ಯಾವ ಲೆನ್ಸು? ಇದರ ಬಗ್ಗೆ ಕ್ಯಾಮೆರಾದವರು ವರ್ಷಗಟ್ಟಲೆ ಜಗಳವಾಡುತ್ತಾರೆ, ಇಂಟರ್ನೆಟ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ದ್ವೇಷ ಸಾಧಿಸುತ್ತಾರೆ. ನಾನೂ ಮೂರು ದಿನ ಕಾಗದದಲ್ಲಿ ಕೋನ ಬರೆದೆ. ಗೋಪುರಗಳ ನಕ್ಷೆ ನೋಡಿದವನು, ಹತ್ತಡಿ ಕೋಣೆಗೆ ಸೋತೆ.

ಕಾಕ ನನ್ನ ಕಾಗದ ನೋಡಿದರು. ಕೊರಳಲ್ಲಿದ್ದ ಟೇಪು ತೆಗೆದರು.

"ಎಲ್ಲರೂ ಸಾಲಾಗಿ ನಿಲ್ಲಿ. ಉಸಿರು ಹಿಡಿಯಬೇಡಿ, ಫಿಟ್ಟಿಂಗ್ ಹಾಳಾಗ್ತದೆ."

ಒಬ್ಬೊಬ್ಬರ ಭುಜ ಅಳೆದು ಅಂಗಡಿಯ ಬಿಲ್ ಪುಸ್ತಕದಲ್ಲಿ ಬರೆದುಕೊಂಡರು. ಎಲ್ಲ ಕೂಡಿಸಿ, "ಎರಡು ಬದಿಗೂ ಅರ್ಧರ್ಧ ಅಡಿ ಮಾರ್ಜಿನ್" ಎಂದರು. ಫ್ರಿಜ್ಜಿನಿಂದ ಕುರ್ಚಿಯವರೆಗೆ ನೆಲ ಅಳೆದರು. ಮಲಯಾಳಿಗೆ ಫೋನು ಹಚ್ಚಿ, ಯಾವ ಲೆನ್ಸು ಇಷ್ಟು ದೂರದಿಂದ ಎಷ್ಟು ಅಗಲ ಹಿಡಿಯುತ್ತದೆ ಎಂದು ಕೇಳಿ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಮೂರು ಜೊತೆ ಗೆರೆ ಹಾಕಿದರು. ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದರು.

"ಮೂವತ್ತೈದು ಟೈಟ್ ಪ್ಯಾಂಟು. ಉಸಿರಾಡಿದ್ರೆ ಹೊಲಿಗೆ ಬಿಡ್ತದೆ. ಇಪ್ಪತ್ತೊಂದು ನೈಟಿ, ಒಳಗೆ ಯಾರು ಬೇಕಾದ್ರೂ ಇರಬಹುದು. ಇಪ್ಪತ್ತೆಂಟು ತೋಬು. ಅದನ್ನು ತಗೋ."

ಹತ್ತು ನಿಮಿಷದ ಕೆಲಸ. ಜಗತ್ತಿನ ಫೋಟೋಗ್ರಾಫರುಗಳಿಗೆ ಬಿಡಿಸಲಾಗದ ಗಂಟು ದೋಹಾ ಅಲ್ ಜದೀದಾದಲ್ಲಿ ಬಿಚ್ಚಿತು, ನನ್ನ ಉಸ್ತುವಾರಿಯಲ್ಲಿ.

"ಕಾಕಾ, ನಿಮ್ಮ ಅಳತೀನ ಬಿಟ್ಟೀರಲ್ರೀ" ಎಂದ ವೆಲ್ಡರ್. ಟೇಪು ಅವನೇ ತೆಗೆದುಕೊಂಡು ಕಾಕನ ಭುಜಕ್ಕೆ ಹಿಡಿದು ಓದಿದ. ಹದಿನೈದೂ ಮುಕ್ಕಾಲು.

"ನನ್ನದು ಹದಿನೆಂಟು" ಎಂದರು ಕಾಕ.

ವೆಲ್ಡರ್ ಇನ್ನೊಮ್ಮೆ ಹಿಡಿದ. ಮತ್ತೆ ಹದಿನೈದೂ ಮುಕ್ಕಾಲು. ಕಾಕ ಟೇಪನ್ನು ಅವನ ಕೈಯಿಂದ ತೆಗೆದುಕೊಂಡು, ಬೆರಳಿಗೆ ಸುತ್ತಿ ಜೇಬಿಗೆ ಹಾಕಿಕೊಂಡರು.

"ಎಳೆದು ಎಳೆದು ಟೇಪು ಉದ್ದ ಆಗಿದೆ ಮಾರಾಯ. ಹೊಸದು ತರಬೇಕು."

ಅದೇ ಟೇಪಿನಲ್ಲಿ ಉಳಿದವರ ಅಳತೆಯೆಲ್ಲ ಸರಿಯಾಗಿಯೇ ಬಂದಿತ್ತು.

ನಾಲ್ಕು ಕ್ಲಿಕ್ಕು

ಶುಕ್ರವಾರ. ಸಂಜೆ ಅವರ ವಿಮಾನ. ನಾನು ಬಾಗಿಲಲ್ಲಿ ನಿಂತು ಮೊಬೈಲುಗಳನ್ನೆಲ್ಲ ಅಕ್ಕಿ ಡಬ್ಬಕ್ಕೆ ಹಾಕಿಸಿ ಮುಚ್ಚಿದೆ. ಅವತ್ತು ಇಸ್ತ್ರಿ ವೆಲ್ಡರನದು. ಕಾಕ ಎದ್ದೇಳದಂತೆ ಜುಮ್ಮಾದಿಂದ ಬಂದ ಕೂಡಲೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದೆವು. "ಆ ತೋಳು ಬಿಟ್ಟೆ, ಆ ತೋಳು ಬಿಟ್ಟೆ" ಎಂದು ಕೂತಲ್ಲಿಂದಲೇ ಬೈಯುತ್ತಿದ್ದರು. ಸ್ವರ ಆಗಲೇ ಅರ್ಧ ಗಾಳಿಯಾಗಿತ್ತು.

ಮಲಯಾಳಿಯಿಂದ ತಂದ ಇಪ್ಪತ್ತೆಂಟರ ಲೆನ್ಸನ್ನು ಚರ್ಮದ ಚೀಲದಿಂದ ತೆಗೆದು ಹಾಕಿದೆ. ಅದರ ಅಗಲ ನನ್ನ ಕ್ಯಾಮೆರಾದ ಕಿಂಡಿಯಲ್ಲಿ ಕಾಣುವುದಿಲ್ಲ; ನೋಡಲಿಕ್ಕೆ ಬೇರೆಯೇ ಒಂದು ಪುಟ್ಟ ಗಾಜಿನ ಕಿಂಡಿಯನ್ನು ಮೇಲೆ ಸಿಕ್ಕಿಸಬೇಕು. ಸಿಕ್ಕಿಸಿ ಕಣ್ಣಿಟ್ಟೆ. ದೇವರೇ! ಇಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ಕೋಣೆ ನನಗೆ ಇಡಿಯಾಗಿ ಕಂಡಿತು. ಒಣಗಲು ಹಾಕಿದ ಲುಂಗಿ, ಮಂಚದ ಕಾಲಿಗೆ ಕಟ್ಟಿದ ಈರುಳ್ಳಿ ಚೀಲ, ಐದು ಜನ, ನಡುವೆ ಕಾಕ.

ಹಿಂದೆ ನಾನು ಉಸಿರು ಬಿಗಿಹಿಡಿದರೆ ಗೋಡೆಯ ಗಡಿಯಾರವೂ ನಿಲ್ಲುತ್ತಿತ್ತು. ಅವತ್ತು ಒಂದು ಕ್ಲಿಕ್ಕನ್ನು ನಂಬಲಿಲ್ಲ. ನಾಲ್ಕು ಸಲ ಒತ್ತಿದೆ.

"ಬಂದೆನಾ?" ಎಂದರು ಕಾಕ.

"ಚಪ್ಪಲಿ ಸಮೇತ ಬಂದಿದ್ದೀರಿ."

ಏರ್‌ಪೋರ್ಟಿನಲ್ಲಿ ಗಾಜಿನ ಬಾಗಿಲ ಆಚೆಗೆ ಹೋದ ಮೇಲೆ ಅವರು ತಿರುಗಿ, ಎರಡೂ ಕೈಯಲ್ಲಿ ಗಾಳಿಯಲ್ಲಿ ಒಂದು ಚೌಕ ಬರೆದು ತೋರಿಸಿದರು. ಫೋಟೋ ಬೇಗ ಕಳಿಸು ಎಂದು.

ರೀಲು ಬಾಕಿಯಿತ್ತು. ಐವತ್ತರ ಲೆನ್ಸು ಹಾಕಿ ಮೆಟ್ಟಿಲ ಬೆಕ್ಕಿನದು, ಫ್ರಿಜ್ಜಿನದು ತೆಗೆದು ಮುಗಿಸಿ ಮಲಯಾಳಿಗೆ ಕೊಟ್ಟೆ. ನಾಲ್ಕನೇ ದಿನ ಅವನ ಫೋನು.

"ಚೇಟ್ಟಾ, ಬೆಕ್ಕು ಬಹಳ ಚೆನ್ನಾಗಿ ಬಂದಿದೆ. ಫ್ರಿಜ್ಜು ಅದಕ್ಕಿಂತ ಚೆನ್ನಾಗಿ ಬಂದಿದೆ. ಮೊದಲಿನ ನಾಲ್ಕು ಫೋಟೋ ಕರೆಂಟು ಹೋದಾಗ ತೆಗೆದದ್ದಾ?"

ದೋಹಾದಲ್ಲಿ ಕರೆಂಟು ಹೋಗುವುದಿಲ್ಲ.

ಲೆನ್ಸಿನ ಮುಚ್ಚಳ. ನನ್ನ ಹಳೇ ಎರಡು ಲೆನ್ಸಿನ ಮುಚ್ಚಳ ಕಳೆದು ಹದಿನೈದು ವರ್ಷವಾಗಿತ್ತು, ಮುಚ್ಚಳ ತೆಗೆಯುವ ಅಭ್ಯಾಸವೇ ಕೈಗೆ ಬಿಟ್ಟುಹೋಗಿತ್ತು. ಬೇರೆ ಕ್ಯಾಮೆರಾದಲ್ಲಾದರೆ ಮುಚ್ಚಳ ಹಾಕಿದರೆ ನೋಡುವವನಿಗೂ ಕತ್ತಲೆ. ಇದರಲ್ಲಿ ಕಣ್ಣಿನ ಕಿಂಡಿ ಬೇರೆ, ಲೆನ್ಸು ಬೇರೆ. ನಾನು ಮೇಲಿನಿಂದ ಇಡೀ ಕೋಣೆಯನ್ನು ಕಣ್ತುಂಬ ನೋಡುತ್ತಿದ್ದೆ, ಕೆಳಗೆ ರೀಲು ಕಣ್ಣು ಮುಚ್ಚಿಕೊಂಡಿತ್ತು. ಮೊಬೈಲುಗಳೆಲ್ಲ ನನ್ನ ಅಪ್ಪಣೆಯಂತೆ ಅಕ್ಕಿ ಡಬ್ಬದಲ್ಲಿದ್ದವು.

ಕೋಣೆಗೆ ಬಂದು ಹೇಳಿದೆ. ವೆಲ್ಡರ್ ಮೆಲ್ಲಗೆ, "ನಾ ನೋಡಿದ್ನಿರಿ ಮಾಮಾ" ಎಂದ.

"ಏನು ನೋಡಿದೆ?"

"ಮುಚ್ಚಳ. ನೀವು ಅಷ್ಟ್ ದೊಡ್ಡ ಫೋಟೋಗ್ರಾಫರ್ ಅದೀರಿ, ಹೊಸಾ ಲೆನ್ಸು ಹಂಗ ಇರ್ತೈತೇನೋ ಅನ್ಕೊಂಡೆ."

ಮ್ಯಾಟೋ ಗ್ಲಾಸಿಯೋ

ಹನ್ನೊಂದು ದಿನ ನಾನು ಊರಿಗೆ ಸುಳ್ಳು ಹೇಳಿದೆ. ಕೆಮಿಕಲ್ ಬಂದಿಲ್ಲ, ಸ್ಟುಡಿಯೋದವನಿಗೆ ಜ್ವರ, ಕಾಗದ ಹಡಗಿನಲ್ಲಿದೆ. ಅಷ್ಟರಲ್ಲಿ ಮಂಗಳೂರಿನಲ್ಲಿ ಆಪರೇಷನ್ ಆಗಿಹೋಯಿತು. ಕಾಕ ನೋಟ್‌ಬುಕ್ಕಿನಲ್ಲಿ ಬರೆಯುವುದು, ಹೆಂಡತಿ ಫೋನಿನಲ್ಲಿ ಓದಿ ಹೇಳುವುದು. ಪ್ರತಿ ಸಲವೂ ಅದೇ ಪ್ರಶ್ನೆ, ಫೋಟೋ ಬಂತಾ?

ಹನ್ನೆರಡನೇ ದಿನ ಹೇಳಿಬಿಟ್ಟೆ. "ಅಕ್ಕ, ಸ್ಪೀಕರ್ ಹಾಕಿ. ಕಾಕ, ಮುಚ್ಚಳ ತೆಗೆಯಲು ಮರೆತೆ. ಪ್ರಿಂಟು ಹಾಕಿದರೆ ಬರೀ ಕಪ್ಪು. ಕಾಡಿಗೆ ಕಪ್ಪು. ನನ್ನ ತಪ್ಪು."

ಆ ಕಡೆಯಿಂದ ಕಾಕನ ನಗು ಕೇಳಿಸಿತು. ಹಳೇ ನಗು, ಮಂಚ ಕಿರುಗುಟ್ಟುವಂಥದ್ದು. ಅದರ ಹಿಂದೆ ಪೆನ್ನಿನ ಸದ್ದು, ಹಾಳೆ ತಿರುಗಿಸಿದ ಸದ್ದು.

"ಅಣ್ಣ, ಇವರು ಕೇಳ್ತಿದ್ದಾರೆ," ಎಂದು ಹೆಂಡತಿ ಓದಿದರು, "ಯಾರೂ ಕಟ್ ಆಗಿಲ್ಲ ಅಲ್ವಾ ಅಂತ."

"ಇಲ್ಲ ಕಾಕ. ಒಬ್ಬರೂ ಕಟ್ ಆಗಿಲ್ಲ."

"ಹಾಗಾದ್ರೆ ದೊಡ್ಡದು ಮಾಡಿಸಿ ಕಳಿಸಬೇಕಂತೆ."

ಮಲಯಾಳಿ ನನ್ನ ಮುಖ ನೋಡಿದ. ನೆಗೆಟಿವ್ ನೋಡಿದ. ಮೆಷಿನ್ ಆನ್ ಮಾಡಿ, ತನ್ನ ಕಸುಬಿನ ಗೌರವಕ್ಕೆ ಒಂದೇ ಮಾತು ಕೇಳಿದ:

"ಮ್ಯಾಟ್ ಬೇಕಾ, ಗ್ಲಾಸಿ ಬೇಕಾ?"

ಎಡಗಡೆ ಕೊನೆಗೆ

ಕಾಕ ಆಮೇಲೆ ಹತ್ತು ತಿಂಗಳು ಇದ್ದರು. ನನಗೆ ರಜೆ ಸಿಕ್ಕಿದ್ದು ಎಲ್ಲ ಮುಗಿದು ನಲವತ್ತು ದಿನ ಕಳೆದ ಮೇಲೆ.

ಅವರ ಮನೆಯ ಹೊರಕೋಣೆಯಲ್ಲಿ, ಬಾಗಿಲ ಎದುರಿನ ಗೋಡೆಯಲ್ಲೇ, ಕಟ್ಟು ಹಾಕಿಸಿದ ಆ ಕಪ್ಪು ಫೋಟೋ. ಮ್ಯಾಟು, ಹೊಳಪಿಲ್ಲದ್ದು. ಮನುಷ್ಯರ ಮುಖ ಗೋಡೆಗೆ ತೂಗಿಸಬಾರದು ಎನ್ನುವವರು ಕಾಕನ ಅಣ್ಣ. ಇದರ ಬಗ್ಗೆ ಅವರಿಗೂ ತಕರಾರಿರಲಿಲ್ಲವಂತೆ.

ನಾನು ತಲೆ ತಗ್ಗಿಸಿ ಕೂತಿದ್ದೆ. ಕಾಕನ ಹೆಂಡತಿ ಚಹಾ ಇಟ್ಟು, ಫೋಟೋದ ಹತ್ತಿರ ಹೋಗಿ ನಿಂತರು. ಪಾಠ ಹೇಳಿಕೊಡುವವರ ಹಾಗೆ ಬೆರಳಿಟ್ಟು ತೋರಿಸತೊಡಗಿದರು.

"ಇಲ್ಲಿ ನಡುವೆ ಇವರು, ಕುರ್ಚಿಯಲ್ಲಿ. ಇದು ವೆಲ್ಡರ್. ಇವರ ಅಂಗಿಯ ಒಂದು ತೋಳಿಗೆ ಇಸ್ತ್ರಿ ಬಿಟ್ಟವನು ಅವನೇ ಅಂತೆ. ಇಲ್ಲಿ ಲುಂಗಿ ಒಣಗಿಸಿದ್ದು. ಇಲ್ಲಿ ಕೆಳಗೆ ಈರುಳ್ಳಿ ಚೀಲ. ಇದು ಇವರ ಮಂಚ, ಕೆಳಗಿನದ್ದು, ಇವರಿಗೆ ಸೊಂಟ ನೋವು ಅಂತ ನೀವು ಬಿಟ್ಟುಕೊಟ್ಟದ್ದು. ಎಲ್ಲ ಬರೆದಿಟ್ಟಿದ್ದಾರೆ ಅಣ್ಣ, ಎರಡು ನೋಟ್‌ಬುಕ್ಕು ಉಂಟು. ಇಪ್ಪತ್ತಾರು ವರ್ಷ ಇವರು ಎಲ್ಲಿದ್ದರು ಅಂತ ನನಗೆ ಈಗ ಗೊತ್ತುಂಟು."

ನಾನು ಎದ್ದು ಹತ್ತಿರ ಹೋದೆ. ಕಪ್ಪು ಕಾಗದದಲ್ಲಿ ಏನೂ ಇರಲಿಲ್ಲ. ಅವರ ಬೆರಳು ಅಂಚಿಗೆ ಬಂತು, ಕಟ್ಟಿನ ಮರಕ್ಕೆ ತಾಗಿ ನಿಂತಿತು.

"ಇದು ನೀವು."

"ನಾನು ಇದರಲ್ಲಿ ಇಲ್ಲ ಅಕ್ಕ. ನಾನು ತೆಗೆದವನು. ಹದಿನೈದು ಫೋಟೋದಲ್ಲಿ ಒಂದರಲ್ಲೂ ನಾನಿಲ್ಲ."

"ಇದ್ದೀರಿ. ಇವರು ಸರಿಯಾಗಿ ಬರೆದಿದ್ದಾರೆ." ನೋಟ್‌ಬುಕ್ಕು ತಂದು, ಹಾಳೆ ಹುಡುಕಿ, ಕನ್ನಡಕ ಸರಿಮಾಡಿಕೊಂಡು ಓದಿದರು: "ಎಡಗಡೆ ಕೊನೆಗೆ ಮಾಮ. ಅರ್ಧ ಕಟ್."

ಇಷ್ಟೇ. ಆಣೆ ಮಾಡಿದವನು ಕೊನೆಯಲ್ಲಿ ಒಂದನ್ನು ಒಪ್ಪಿಕೊಳ್ಳಬೇಕು. ಒಂದು ಸಣ್ಣ ವಿವರ ಮಾತ್ರ ನಾನು ಸೇರಿಸಿದ್ದು. ಅವತ್ತು ಫೋನಿನಲ್ಲಿ ಕಾಕನ ನಗು ಕೇಳಿಸಿತು ಎಂದು ಬರೆದೆನಲ್ಲ, ಕೇಳಿಸಲಿಲ್ಲ. ಸ್ವರ ತೆಗೆದ ಗಂಟಲಲ್ಲಿ ನಗು ಎಲ್ಲಿಂದ ಬರಬೇಕು? ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವರ ಹೆಂಡತಿ, "ನಗ್ತಿದ್ದಾರೆ ಅಣ್ಣ" ಎಂದರು. ನಾನು ನಂಬಿದೆ.